ಅಡ್ಮಿನ್ ಪಟ್ಟಿಯನ್ನು ಇನ್ನೊಂದು ಟೇಬಲ್‌ನ ಫೀಲ್ಡ್‌ನಿಂದ ವಿಂಗಡಿಸುವಾಗ ಬರುವ ದೋಷಗಳು: ಜಾಂಗೋ ಬಳಸುವವರಿಗೆ ಪತ್ತೆ ಕೈಪಿಡಿ

ಒಂದು ಗ್ರಂಥಾಲಯದ ಪುಸ್ತಕಗಳ ಪಟ್ಟಿ ಜಾಂಗೋ ಅಡ್ಮಿನ್‌ನಲ್ಲಿ, ಅಂದರೆ ಜಾಂಗೋ ಎಂಬ ಪೈಥಾನ್ ವೆಬ್ ಚೌಕಟ್ಟು ಕೊಡುವ ನಿರ್ವಹಣಾ ಪುಟಗಳಲ್ಲಿ, ತೆರೆದಿದೆ ಎಂದುಕೊಳ್ಳಿ. ಅದರಲ್ಲಿ ಪುಸ್ತಕದ ಹೆಸರು, ಪ್ರಕಾಶಕರು, ಪ್ರಕಾಶಕರ ಊರು, ಲೇಖಕರು, ಕಡೆಯ ಬಾರಿ ಎರವಲು ಹೋದ ದಿನಾಂಕ ಎಂದು ಐದು ಕಾಲಮ್‌ಗಳಿವೆ. ಇವುಗಳಲ್ಲಿ ಪುಸ್ತಕದ ಟೇಬಲ್‌ನಲ್ಲಿಯೇ ಇರುವುದು ಪುಸ್ತಕದ ಹೆಸರೊಂದೇ. ಪ್ರಕಾಶಕರ ಹೆಸರೂ ಊರೂ ಪ್ರಕಾಶಕರ ಟೇಬಲ್‌ನಲ್ಲಿವೆ, ಲೇಖಕರು ಮೆನಿ-ಟು-ಮೆನಿ (ಒಂದು ಪುಸ್ತಕಕ್ಕೆ ಹಲವು ಲೇಖಕರು, ಒಬ್ಬ ಲೇಖಕರಿಗೆ ಹಲವು ಪುಸ್ತಕಗಳು) ಸಂಬಂಧದ ಆಚೆ ಬದಿಯಲ್ಲಿದ್ದಾರೆ, ಎರವಲಿನ ದಿನಾಂಕವಂತೂ ಪುಸ್ತಕವನ್ನು ಫಾರಿನ್ ಕೀ (ಬೇರೆ ಟೇಬಲ್‌ನ ಸಾಲನ್ನು ಸೂಚಿಸುವ ಫೀಲ್ಡ್) ಮೂಲಕ ಬೊಟ್ಟು ಮಾಡುವ ಮತ್ತೊಂದು ಟೇಬಲ್‌ನಲ್ಲಿದೆ. ಪುಸ್ತಕದ ಹೆಸರಿನ ತಲೆಬರಹವನ್ನು ಒತ್ತಿದಾಗ ಎಲ್ಲವೂ ಸರಿಯಾಗಿ ನಡೆಯುತ್ತದೆ. ಉಳಿದ ನಾಲ್ಕರಲ್ಲಿ ಒಂದೊಂದೂ ತನ್ನದೇ ರೀತಿಯಲ್ಲಿ ತೊಂದರೆ ಕೊಡುತ್ತದೆ, ಮತ್ತು ಆ ತೊಂದರೆಗಳು ಬಳಕೆದಾರರಿಗೆ ಯಾವ ರೂಪದಲ್ಲಿ ಕಾಣುತ್ತವೆಯೋ ಅದೇ ರೂಪದಿಂದ ಹೊರಟು ಕಾರಣವನ್ನು ಹುಡುಕುವುದು ಇಲ್ಲಿಯ ಉದ್ದೇಶ.

ಹುಡುಕಾಟಕ್ಕೆ ಮೊದಲು ಒಂದು ಸಂಗತಿ ಮನಸ್ಸಿನಲ್ಲಿರಬೇಕು. ಪರದೆಯ ಮೇಲೆ ಕಾಣುವ ಅಕ್ಷರಗಳನ್ನು ಸಿದ್ಧಪಡಿಸುವುದು ಪೈಥಾನ್, ಸಾಲುಗಳನ್ನು ಕ್ರಮವಾಗಿ ಜೋಡಿಸುವುದು ಡೇಟಾಬೇಸ್. ಪೈಥಾನ್ ಏನನ್ನು ತೋರಿಸಲಿದೆ ಎಂಬುದು ಡೇಟಾಬೇಸಿಗೆ ತಿಳಿದಿರುವುದಿಲ್ಲ, ಅದನ್ನು ನಾವೇ ಪ್ರತ್ಯೇಕವಾಗಿ ತಿಳಿಸಬೇಕಾಗುತ್ತದೆ. ಕೆಳಗಿನ ಲಕ್ಷಣಗಳಲ್ಲಿ ಬಹುಪಾಲು ಈ ಇಬ್ಬರ ನಡುವಿನ ಅಂತರದಿಂದಲೇ ಹುಟ್ಟಿದವು.

ಕೋಡಿನ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಫೈಲಿನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

ಕೈ ಹಾಕುವ ಮುನ್ನ

ಪರೀಕ್ಷೆಗಳನ್ನು ಜನ ಬಳಸುತ್ತಿರುವ ಸರ್ವರ್‌ನಲ್ಲಿ ಮಾಡಬೇಡಿ. ಡೇಟಾಬೇಸಿನ ಬ್ಯಾಕಪ್ ತೆಗೆದು, ಅದನ್ನು ನಿಮ್ಮ ಯಂತ್ರದಲ್ಲಿ ತೆರೆದು, ಅಲ್ಲಿ ಪ್ರಯೋಗ ಮಾಡಿ. ದೋಷದ ಪೂರ್ಣ ವಿವರ ನೋಡಬೇಕೆಂಬ ಆತುರದಲ್ಲಿ ನಿಜವಾದ ಸರ್ವರ್‌ನಲ್ಲಿ ‘ಡಿಬಗ್’ ಆಯ್ಕೆಯನ್ನು ಹಚ್ಚುವುದು ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ದೋಷದ ಪುಟದಲ್ಲಿ ನಿಮ್ಮ ಕೋಡು, ಫೈಲುಗಳ ದಾರಿ, ಹಲವು ಸೆಟ್ಟಿಂಗ್‌ಗಳು ಹೊರಗಿನವರ ಕಣ್ಣಿಗೂ ಬೀಳುತ್ತವೆ. ಸರ್ವರ್‌ನಲ್ಲಿ ಲಾಗ್ ಬರೆಯುವಂತೆ ಹೊಂದಿಸಿದ್ದರೆ ದೋಷದ ವಿವರ ಲಾಗ್ ಫೈಲಿನಲ್ಲಿಯೇ ಸಿಗುತ್ತದೆ.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯವಾದದ್ದು. ಪಟ್ಟಿಯಲ್ಲಿ ಒಂದೇ ಪುಸ್ತಕ ಎರಡು ಬಾರಿ ಕಂಡರೆ, ಕಾರಣ ತಿಳಿಯುವವರೆಗೆ ಏನನ್ನೂ ಅಳಿಸಬೇಡಿ. ಏಕೆಂಬುದನ್ನು ಮುಂದೆ ನೋಡೋಣ.

ಲಕ್ಷಣ: ಕಾಲಮ್‌ನ ತಲೆಬರಹವನ್ನು ಒತ್ತಿದರೆ ಏನೂ ಆಗುವುದಿಲ್ಲ

ಮೌಸನ್ನು ತಲೆಬರಹದ ಮೇಲೆ ತಂದು ನೋಡಿ. ವಿಂಗಡಿಸಬಹುದಾದ ಕಾಲಮ್‌ನ ತಲೆಬರಹ ಲಿಂಕ್ ಆಗಿರುತ್ತದೆ, ವಿಂಗಡಿಸಲಾಗದ್ದು ಬರಿಯ ಅಕ್ಷರವಾಗಿರುತ್ತದೆ. ಲಿಂಕ್ ಇಲ್ಲದಿದ್ದರೆ ಡೇಟಾಬೇಸಿನವರೆಗೆ ಹೋಗಬೇಕಾದ ಅಗತ್ಯವೇ ಇಲ್ಲ, ದೋಷ ಅಡ್ಮಿನ್ ಫೈಲಿನಲ್ಲಿಯೇ ಇದೆ.

ಬಹುತೇಕ ಸಂದರ್ಭಗಳಲ್ಲಿ ಕಾರಣ ಸರಳ. ಪ್ರಕಾಶಕರ ಊರನ್ನು ತೋರಿಸಲು ಅಡ್ಮಿನ್ ಕ್ಲಾಸಿನಲ್ಲಿ ಒಂದು ಮೆಥಡ್ (ಕ್ಲಾಸಿನೊಳಗಿನ ಫಂಕ್ಷನ್) ಬರೆದು, ಅದರ ಹೆಸರನ್ನು ಕಾಲಮ್‌ಗಳ ಪಟ್ಟಿಯಾದ ‘ಲಿಸ್ಟ್_ಡಿಸ್ಪ್ಲೇ’ಯಲ್ಲಿ ಸೇರಿಸಿರುತ್ತೀರಿ. ಮೆಥಡ್ ಏನನ್ನು ಲೆಕ್ಕ ಹಾಕುತ್ತದೆ ಎಂದು ಜಾಂಗೋ ಒಳಹೊಕ್ಕು ನೋಡುವುದಿಲ್ಲ. ಆದ್ದರಿಂದ ಯಾವ ಫೀಲ್ಡ್‌ನಿಂದ ವಿಂಗಡಿಸಬೇಕೆಂಬುದನ್ನು ಹೇಳದಿದ್ದರೆ ಆ ಕಾಲಮನ್ನು ವಿಂಗಡಿಸಲಾಗದ್ದೆಂದೇ ಅದು ಪರಿಗಣಿಸುತ್ತದೆ. 2021ರ ಏಪ್ರಿಲ್‌ನಲ್ಲಿ ಬಂದ 3.2 ಆವೃತ್ತಿಯಿಂದ ಇದಕ್ಕೆ ‘ಅಡ್ಮಿನ್.ಡಿಸ್ಪ್ಲೇ’ ಎಂಬ ಡೆಕರೇಟರ್ (ಮೆಥಡ್‌ನ ತಲೆಯ ಮೇಲೆ ಬರೆಯುವ ಸೂಚನೆ) ಇದೆ. ಅದರ ‘ಆರ್ಡರಿಂಗ್’ ಎಂಬ ಜಾಗದಲ್ಲಿ ಫಾರಿನ್ ಕೀಯ ಹೆಸರು, ನಂತರ ಎರಡು ಅಂಡರ್‌ಸ್ಕೋರ್, ಆಮೇಲೆ ಆಚೆಯ ಫೀಲ್ಡ್‌ನ ಹೆಸರನ್ನು ಬರೆದರೆ, ಅಂದರೆ ‘ಪಬ್ಲಿಷರ್__ಟೌನ್’ ಎಂದರೆ, ತಲೆಬರಹ ತಾನಾಗಿ ಲಿಂಕ್ ಆಗುತ್ತದೆ. ಅದಕ್ಕಿಂತ ಹಳೆಯ ಆವೃತ್ತಿ ಇದ್ದಲ್ಲಿ ಮೆಥಡ್ ಮುಗಿದ ಮೇಲೆ ಅದರ ‘ಅಡ್ಮಿನ್_ಆರ್ಡರ್_ಫೀಲ್ಡ್’ ಗುಣಕ್ಕೆ ಅದೇ ಬೆಲೆಯನ್ನು (ವ್ಯಾಲ್ಯೂ) ಕೊಡಬೇಕು. ಹಳೆಯ ರೀತಿ ಈಗಲೂ ಕೆಲಸ ಮಾಡುತ್ತದೆ, ಹೊಸ ಕೋಡಿನಲ್ಲಿ ಮಾತ್ರ ಡೆಕರೇಟರ್ ಓದಲು ಹಿತ.

2024ರ ಆಗಸ್ಟ್‌ನಲ್ಲಿ ಬಂದ 5.1 ಆವೃತ್ತಿಯ ನಂತರ ಇಷ್ಟೂ ಬೇಕಾಗುವುದಿಲ್ಲ. ಎರಡು ಅಂಡರ್‌ಸ್ಕೋರಿನ ಹೆಸರನ್ನು ನೇರವಾಗಿ ‘ಲಿಸ್ಟ್_ಡಿಸ್ಪ್ಲೇ’ಯಲ್ಲಿಯೇ ಬರೆಯಬಹುದು, ಮೆಥಡ್ ಬೇಡ. ಆದರೆ ಕಾಲಮ್‌ನಲ್ಲಿ ಬೆಲೆಯನ್ನು ಇದ್ದ ಹಾಗೆ ತೋರಿಸದೆ ಬೇರೆ ರೂಪ ಕೊಡುವುದಿದ್ದರೆ ಮೆಥಡ್ ಬೇಕೇ ಬೇಕು.

ಡೆಕರೇಟರ್ ಇದ್ದೂ ಲಿಂಕ್ ಬಾರದಿದ್ದರೆ ಇನ್ನೆರಡು ಕಡೆ ನೋಡಿ. ಅಡ್ಮಿನ್ ಕ್ಲಾಸಿನಲ್ಲಿ ‘ಸಾರ್ಟಬಲ್_ಬೈ’ ಎಂಬ ಪಟ್ಟಿಯನ್ನು ಯಾರಾದರೂ ಬರೆದಿದ್ದರೆ ಅದರಲ್ಲಿ ಹೆಸರಿಸಿದ ಕಾಲಮ್‌ಗಳಷ್ಟೇ ವಿಂಗಡಣೆಗೆ ಸಿಗುತ್ತವೆ, ಆ ಪಟ್ಟಿ ಖಾಲಿಯಿದ್ದರೆ ಯಾವುದೂ ಸಿಗುವುದಿಲ್ಲ. ಕಾಲಮ್ ಒಂದು ಪ್ರಾಪರ್ಟಿಯಿಂದ (ಫೀಲ್ಡ್‌ನಂತೆ ಓದಬಹುದಾದ ಪೈಥಾನ್ ಮೆಥಡ್) ಬರುತ್ತಿದ್ದರೆ ಡೆಕರೇಟರ್‌ಗಳ ಕ್ರಮವನ್ನು ಪರಿಶೀಲಿಸಿ: ‘ಪ್ರಾಪರ್ಟಿ’ ಮೇಲೆ, ‘ಅಡ್ಮಿನ್.ಡಿಸ್ಪ್ಲೇ’ ಅದರ ಕೆಳಗೆ ಇರಬೇಕು.

ಲಕ್ಷಣ: ಸಾಲುಗಳು ಅದಲುಬದಲಾಗುತ್ತವೆ, ಆದರೆ ಕ್ರಮ ಯಾವುದೆಂದು ಅರ್ಥವಾಗುವುದಿಲ್ಲ

ದೋಷ ಹುಡುಕುವವರ ಸಮಯವನ್ನು ಹೆಚ್ಚು ನುಂಗುವ ಲಕ್ಷಣ ಇದೇ. ತಲೆಬರಹದಲ್ಲಿ ಲಿಂಕ್ ಇದೆ, ಬಾಣದ ಗುರುತೂ ಕಾಣುತ್ತದೆ, ಸಾಲುಗಳು ಜಾಗ ಬದಲಿಸುತ್ತವೆ. ಆದರೂ ಪ್ರಕಾಶಕರ ಹೆಸರುಗಳು ಅಕಾರಾದಿಯಲ್ಲಿ ಇರುವುದಿಲ್ಲ. ಒಂದೇ ಪ್ರಕಾಶಕರ ಪುಸ್ತಕಗಳು ಒಟ್ಟಿಗೇ ಬರುತ್ತಿವೆ, ಪ್ರಕಾಶಕರ ಕ್ರಮ ಮಾತ್ರ ಕಲಸಿಹೋಗಿದೆ ಎಂದು ಕಂಡರೆ ಉತ್ತರ ಅರ್ಧ ಸಿಕ್ಕಿದಂತೆ. ವಿಂಗಡಣೆ ನಡೆಯುತ್ತಿರುವುದು ಪ್ರಕಾಶಕರ ಹೆಸರಿನಿಂದಲ್ಲ, ಅವರ ಐಡಿ ಸಂಖ್ಯೆಯಿಂದ, ಅಂದರೆ ಅವರನ್ನು ದಾಖಲಿಸಿದ ಕ್ರಮದಿಂದ.

ಇದು ನಡೆಯುವ ಬಗೆ ಹೀಗೆ. ಕಾಲಮ್‌ನಲ್ಲಿ ಫಾರಿನ್ ಕೀಯನ್ನೇ ಇಟ್ಟಾಗ ಪರದೆಯ ಮೇಲೆ ಕಾಣುವುದು ಪ್ರಕಾಶಕರ ಮಾಡೆಲ್‌ನ (ಟೇಬಲ್ ಅನ್ನು ಪೈಥಾನ್‌ನಲ್ಲಿ ವಿವರಿಸುವ ಕ್ಲಾಸ್) ‘ಎಸ್‌ಟಿಆರ್’ ಮೆಥಡ್ ಕೊಡುವ ಹೆಸರು. ಡೇಟಾಬೇಸಿಗೆ ಆ ಮೆಥಡ್‌ನ ಸುಳಿವೇ ಇಲ್ಲ. ಫಾರಿನ್ ಕೀಯಿಂದ ವಿಂಗಡಿಸಿ ಎಂದಾಗ ಜಾಂಗೋ ಪ್ರಕಾಶಕರ ಮಾಡೆಲ್‌ನ ‘ಮೆಟಾ’ ಭಾಗದಲ್ಲಿ ‘ಆರ್ಡರಿಂಗ್’ ಇದೆಯೇ ಎಂದು ನೋಡುತ್ತದೆ. ಇದ್ದರೆ ಅದನ್ನು ಬಳಸುತ್ತದೆ, ಇಲ್ಲದಿದ್ದರೆ ಪ್ರೈಮರಿ ಕೀಯಿಂದ, ಅಂದರೆ ಐಡಿಯಿಂದ, ವಿಂಗಡಿಸುತ್ತದೆ.

ಪರೀಕ್ಷೆಗೆ ಹಣವೂ ಬೇಡ, ಹೊತ್ತೂ ಬೇಡ. ಮೇಲಿನಿಂದ ನಾಲ್ಕೈದು ಪ್ರಕಾಶಕರನ್ನು ತೆರೆದು, ಬ್ರೌಸರಿನ ವಿಳಾಸದಲ್ಲಿ ಕಾಣುವ ಐಡಿಗಳನ್ನು ಬರೆದುಕೊಳ್ಳಿ. ಅವು ಏರಿಕೆಯ ಕ್ರಮದಲ್ಲಿದ್ದರೆ ಕಾರಣ ಖಚಿತವಾಯಿತು.

ಪರಿಹಾರಗಳು ಎರಡು. ಪ್ರಕಾಶಕರ ‘ಮೆಟಾ’ದಲ್ಲಿ ‘ಆರ್ಡರಿಂಗ್’ ಹಾಕುವುದು ಸುಲಭವಾಗಿ ಕಾಣುತ್ತದೆ, ಆದರೆ ನಾನು ಅದನ್ನು ಮೊದಲ ಆಯ್ಕೆಯಾಗಿ ಹೇಳಲಾರೆ. ಆ ಒಂದು ಸಾಲು ಅಡ್ಮಿನ್‌ಗಷ್ಟೇ ಸೀಮಿತವಾಗಿ ಉಳಿಯದೆ, ಪ್ರಕಾಶಕರನ್ನು ಕೇಳುವ ಪ್ರತಿಯೊಂದು ಕ್ವೆರಿಗೂ (ಡೇಟಾಬೇಸಿಗೆ ಕಳಿಸುವ ಪ್ರಶ್ನೆ) ವಿಂಗಡಣೆಯ ಹೊರೆಯನ್ನು ಸೇರಿಸುತ್ತದೆ. ಪುಸ್ತಕದ ಆರ್ಡರಿಂಗ್ ಪ್ರಕಾಶಕರನ್ನೂ, ಪ್ರಕಾಶಕರ ಆರ್ಡರಿಂಗ್ ಮತ್ತೆ ಪುಸ್ತಕವನ್ನೂ ಬೊಟ್ಟು ಮಾಡಿದರೆ ‘ಆರ್ಡರಿಂಗ್‌ನಿಂದ ಕೊನೆಯಿಲ್ಲದ ಸುತ್ತು ಉಂಟಾಗಿದೆ’ ಎಂಬ ಅರ್ಥದ ದೋಷವೂ ಬರುತ್ತದೆ. ತೊಂದರೆ ಇರುವುದು ಒಂದೇ ಪಟ್ಟಿಯ ಒಂದೇ ಕಾಲಮ್‌ನಲ್ಲಾದರೆ, ಫಾರಿನ್ ಕೀಯ ಬದಲಿಗೆ ಒಂದು ಮೆಥಡ್ ಇಟ್ಟು, ‘ಪಬ್ಲಿಷರ್__ನೇಮ್’ ಎಂದು ಆರ್ಡರಿಂಗ್ ಕೊಡುವುದೇ ಮೇಲು.

‘ಎಸ್‌ಟಿಆರ್’ ಮೆಥಡ್ ಹೆಸರು ಮತ್ತು ಊರು ಎರಡನ್ನೂ ಜೋಡಿಸಿ ತೋರಿಸುತ್ತಿದ್ದರೆ ಮತ್ತೊಂದು ತೊಡಕು ಎದುರಾಗುತ್ತದೆ, ಏಕೆಂದರೆ ಆರ್ಡರಿಂಗ್‌ನ ಜಾಗದಲ್ಲಿ ಎರಡು ಫೀಲ್ಡ್‌ಗಳ ಪಟ್ಟಿಯನ್ನು ಕೊಡಲಾಗದು. ಅಲ್ಲಿ ಕ್ವೆರಿ ಎಕ್ಸ್‌ಪ್ರೆಶನ್, ಅಂದರೆ ಡೇಟಾಬೇಸ್ ತಾನೇ ಮಾಡುವ ಲೆಕ್ಕದ ಸೂತ್ರ, ಕೊಡಬಹುದು. ಆದ್ದರಿಂದ ‘ಕಾನ್‌ಕ್ಯಾಟ್’ ಬಳಸಿ ಎರಡನ್ನೂ ಡೇಟಾಬೇಸಿನಲ್ಲಿಯೇ ಜೋಡಿಸಿ ಅದರಿಂದ ವಿಂಗಡಿಸಬಹುದು.

ಇದೇ ಲಕ್ಷಣದ ಇನ್ನೊಂದು ಮುಖ ಹೀಗಿರುತ್ತದೆ: ನಿನ್ನೆಯವರೆಗೆ ಸರಿಯಾಗಿದ್ದ ಬುಕ್‌ಮಾರ್ಕ್ ಇಂದು ಬೇರೆಯೇ ಕಾಲಮ್‌ನಿಂದ ವಿಂಗಡಿಸುತ್ತಿದೆ. ಬ್ರೌಸರಿನ ವಿಳಾಸದಲ್ಲಿ ‘ಓ=2’ ಅಥವಾ ‘ಓ=-3.1’ ಎಂಬಂತಹ ಭಾಗವನ್ನು ಗಮನಿಸಿ. ಆ ಅಂಕಿ ಕಾಲಮ್‌ನ ಸ್ಥಾನ, ಅದರ ಮುಂದಿನ ಅಡ್ಡಗೆರೆ ಇಳಿಕೆಯ ಕ್ರಮ, ಚುಕ್ಕಿಯ ನಂತರದ್ದು ಎರಡನೆಯ ಹಂತದ ವಿಂಗಡಣೆ. ವಿಳಾಸದಲ್ಲಿ ಕಾಲಮ್‌ನ ಹೆಸರು ಇರುವುದಿಲ್ಲವಾದ್ದರಿಂದ, ಯಾರಾದರೂ ‘ಲಿಸ್ಟ್_ಡಿಸ್ಪ್ಲೇ’ಯ ನಡುವೆ ಹೊಸ ಕಾಲಮ್ ತೂರಿಸಿದರೆ ಹಳೆಯ ಬುಕ್‌ಮಾರ್ಕ್‌ಗಳೆಲ್ಲ ಒಂದು ಸ್ಥಾನ ಪಕ್ಕಕ್ಕೆ ಸರಿಯುತ್ತವೆ. ಇಲ್ಲದ ಕಾಲಮ್‌ನ ಅಂಕಿ ಕೊಟ್ಟರೆ ಜಾಂಗೋ ತಕರಾರು ಮಾಡದೆ ಅದನ್ನು ಬಿಟ್ಟುಬಿಡುತ್ತದೆ. ವಿಳಾಸದಿಂದ ಆ ಭಾಗವನ್ನು ತೆಗೆದು ಪುಟವನ್ನು ಮತ್ತೆ ತೆರೆಯುವುದು ಒಂದು ಕ್ಷಣದ ಕೆಲಸ. ದೂರು ಬಂದಾಗ ಕೋಡು ತೆರೆಯುವ ಮೊದಲೇ ಇದನ್ನು ಮಾಡಿ ನೋಡಿ.

ಲಕ್ಷಣ: ಪಟ್ಟಿ ತೆರೆದ ಕೂಡಲೇ ಇರಬೇಕಾದ ಕ್ರಮ ಇಲ್ಲ

ಪಟ್ಟಿಯ ಕ್ವೆರಿಸೆಟ್ (ಜಾಂಗೋ ಕಟ್ಟುವ ಕ್ವೆರಿ ಮತ್ತು ಅದರ ಫಲಿತಾಂಶ) ಕೊಡುವ ‘ಗೆಟ್_ಕ್ವೆರಿಸೆಟ್’ನಲ್ಲಿ ‘ಆರ್ಡರ್_ಬೈ’ ಬರೆದಿದ್ದೇನೆ, ಆದರೂ ಪಟ್ಟಿ ಹಳೆಯ ಕ್ರಮದಲ್ಲಿಯೇ ಬರುತ್ತದೆ ಎಂಬ ದೂರಿಗೆ ಕಾರಣ ಜಾಂಗೋದ ಆದ್ಯತೆಯ ಸರಣಿಯಲ್ಲಿದೆ. ಅಡ್ಮಿನ್ ಕ್ಲಾಸಿನ ‘ಆರ್ಡರಿಂಗ್’ ಅಥವಾ ಅದು ಇಲ್ಲದಿದ್ದರೆ ಮಾಡೆಲ್‌ನ ‘ಮೆಟಾ ಆರ್ಡರಿಂಗ್’ ಮೊದಲು ಲೆಕ್ಕಕ್ಕೆ ಬರುತ್ತದೆ, ಕ್ವೆರಿಸೆಟ್‌ನಲ್ಲಿ ನೀವು ಬರೆದದ್ದು ಅದರ ಹಿಂದೆ ಸೇರುತ್ತದೆ. ಆರಂಭದ ಕ್ರಮವನ್ನು ಬದಲಿಸುವುದಕ್ಕೆ ಸರಿಯಾದ ಜಾಗ ಅಡ್ಮಿನ್ ಕ್ಲಾಸಿನ ‘ಆರ್ಡರಿಂಗ್’, ಬಳಕೆದಾರರಿಗೆ ತಕ್ಕಂತೆ ಬದಲಾಗಬೇಕಿದ್ದರೆ ‘ಗೆಟ್_ಆರ್ಡರಿಂಗ್’.

ಪುಸ್ತಕ ಸೇರಿಸುವ ಫಾರಂನಲ್ಲಿ ಪ್ರಕಾಶಕರ ಡ್ರಾಪ್‌ಡೌನ್ ಕ್ರಮ ತಪ್ಪಿದ್ದರೆ ಅದು ಬೇರೆಯದೇ ವಿಷಯ. ಅದನ್ನು ಪ್ರಕಾಶಕರ ಅಡ್ಮಿನ್ ಕ್ಲಾಸಿನ ಆರ್ಡರಿಂಗ್ ನಿರ್ಧರಿಸುತ್ತದೆ, ಪುಸ್ತಕದ್ದಲ್ಲ.

ಲಕ್ಷಣ: ಸರ್ವರ್ ಏಳುವುದಿಲ್ಲ, ಅಥವಾ ತಲೆಬರಹ ಒತ್ತಿದಾಗ ದೋಷದ ಪುಟ ಬರುತ್ತದೆ

ಎರಡೂ ಒಂದೇ ರೀತಿ ಗಾಬರಿ ಹುಟ್ಟಿಸಿದರೂ ಅರ್ಥ ಬೇರೆ. ಸರ್ವರ್ ಏಳುವಾಗಲೇ ‘ಅಡ್ಮಿನ್.ಇ108’ ಎಂಬ ಸಂಕೇತ ಬಂದರೆ, ‘ಲಿಸ್ಟ್_ಡಿಸ್ಪ್ಲೇ’ಯಲ್ಲಿರುವ ಯಾವುದೋ ಹೆಸರು ಫೀಲ್ಡ್ ಆಗಿಯೂ ಮೆಥಡ್ ಆಗಿಯೂ ಜಾಂಗೋಗೆ ಸಿಗಲಿಲ್ಲ ಎಂದರ್ಥ. ಮೊದಲು ಕಾಗುಣಿತ ನೋಡಿ, ನಂತರ ಜಾಂಗೋ ಆವೃತ್ತಿ ನೋಡಿ. 5.1ಕ್ಕಿಂತ ಹಿಂದಿನದರಲ್ಲಿ ಎರಡು ಅಂಡರ್‌ಸ್ಕೋರಿನ ಹೆಸರನ್ನು ಅಲ್ಲಿ ಬರೆದರೆ ಬರುವುದು ಇದೇ ಸಂಕೇತ. ನಿಮ್ಮ ಯಂತ್ರದಲ್ಲಿ ನಡೆದ ಕೋಡು ಸರ್ವರ್‌ನಲ್ಲಿ ಹೀಗೆ ಬಿದ್ದರೆ ಎರಡು ಕಡೆಯ ಆವೃತ್ತಿಗಳು ಬೇರೆ ಎಂದು ಊಹಿಸಬಹುದು. ‘ಅಡ್ಮಿನ್.ಇ109’ ಬಂದರೆ ಮೆನಿ-ಟು-ಮೆನಿ ಸಂಬಂಧವನ್ನೋ ಹಿಮ್ಮುಖ ಫಾರಿನ್ ಕೀಯನ್ನೋ (ಎರವಲಿನಂತೆ ಆಚೆಯ ಟೇಬಲ್‌ನಿಂದ ಇತ್ತ ಬೊಟ್ಟು ಮಾಡುವುದು) ನೇರವಾಗಿ ಕಾಲಮ್ ಆಗಿ ಇಟ್ಟಿದ್ದೀರಿ. ಅದಕ್ಕೆ ಅನುಮತಿ ಇಲ್ಲ, ಮೆಥಡ್ ಬರೆಯಬೇಕು.

ಸರ್ವರ್ ಸರಿಯಾಗಿ ಎದ್ದು, ತಲೆಬರಹ ಒತ್ತಿದಾಗ ಮಾತ್ರ ದೋಷ ಬಂದರೆ ಆರ್ಡರಿಂಗ್‌ನಲ್ಲಿ ಬರೆದ ದಾರಿ ತಪ್ಪಾಗಿದೆ. ಎರಡರ ಬದಲು ಒಂದೇ ಅಂಡರ್‌ಸ್ಕೋರ್ ಬಿದ್ದಿರುವುದು ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು. ಲಾಗ್‌ನಲ್ಲಿ ‘ಫೀಲ್ಡ್ ಎರರ್’ ಎಂಬ ಸಾಲಿನ ಕೊನೆಯಲ್ಲಿ, ಆ ಮಾಡೆಲ್‌ನಲ್ಲಿ ನಿಜವಾಗಿ ಇರುವ ಫೀಲ್ಡ್‌ಗಳ ಪಟ್ಟಿಯನ್ನು ಜಾಂಗೋ ತಾನೇ ಕೊಡುತ್ತದೆ. ಸಂದೇಶ ಉದ್ದವಿದೆ ಎಂದು ಅರ್ಧಕ್ಕೆ ಬಿಡದೆ ಕೊನೆಯವರೆಗೆ ಓದಬೇಕು. ಪೈಥಾನ್ ಪ್ರಾಪರ್ಟಿಯ ಹೆಸರನ್ನು ಆರ್ಡರಿಂಗ್‌ಗೆ ಕೊಟ್ಟರೂ ಇದೇ ದೋಷ ಬರುತ್ತದೆ, ಏಕೆಂದರೆ ಅದು ಟೇಬಲ್‌ನಲ್ಲಿ ಇಲ್ಲ.

ಪುಟ ತಾನಾಗಿ ತಿರುಗಿ ವಿಳಾಸದ ಕೊನೆಯಲ್ಲಿ ‘ಇ=1’ ಎಂದು ಕಂಡರೆ ವಿಂಗಡಣೆಯನ್ನು ದೂರಬೇಡಿ. ಫಿಲ್ಟರಿನಲ್ಲಿ ತಪ್ಪು ಬೆಲೆ ಅಥವಾ ಇಲ್ಲದ ಪುಟದ ಸಂಖ್ಯೆ ಬಂದಾಗ ಜಾಂಗೋ ಹೀಗೆ ಮಾಡುತ್ತದೆ.

ಲಕ್ಷಣ: ಒಂದೇ ಪುಸ್ತಕ ಎರಡು ಮೂರು ಬಾರಿ ಕಾಣುತ್ತದೆ

ಇಲ್ಲಿ ನಿಧಾನಿಸಿ. ಲೇಖಕರ ಹೆಸರಿನಿಂದ ವಿಂಗಡಿಸಿದಾಗ ಮಾತ್ರ ಪುಸ್ತಕ ಎರಡಾಗಿ ಕಾಣುತ್ತದೆಯೇ, ವಿಂಗಡಣೆ ತೆಗೆದಾಗ ಒಂದೇ ಆಗುತ್ತದೆಯೇ ಎಂದು ಮೊದಲು ನೋಡಿ. ಹೌದಾದರೆ ಡೇಟಾಬೇಸಿನಲ್ಲಿ ನಕಲು ದಾಖಲೆಯೇ ಇಲ್ಲ. ಎರಡು ಸಾಲುಗಳನ್ನು ತೆರೆದು ವಿಳಾಸದಲ್ಲಿರುವ ಐಡಿಯನ್ನು ಹೋಲಿಸಿದರೆ ಅದು ಒಂದೇ ಆಗಿರುತ್ತದೆ.

ಇಬ್ಬರು ಲೇಖಕರಿರುವ ಪುಸ್ತಕವನ್ನು ಲೇಖಕರ ಹೆಸರಿನಿಂದ ವಿಂಗಡಿಸಿ ಎಂದರೆ ಡೇಟಾಬೇಸ್ ಪುಸ್ತಕ ಮತ್ತು ಲೇಖಕರ ಟೇಬಲ್‌ಗಳನ್ನು ಜೋಡಿಸುತ್ತದೆ, ಮತ್ತು ಆ ಜೋಡಣೆಯಲ್ಲಿ ಪ್ರತಿ ಲೇಖಕರಿಗೂ ಒಂದೊಂದು ಸಾಲು ಹುಟ್ಟುತ್ತದೆ. ಪುಸ್ತಕ ಯಾವ ಲೇಖಕರ ಹೆಸರಿನ ಬಳಿ ನಿಲ್ಲಬೇಕು ಎಂದು ನಾವು ಹೇಳಿಲ್ಲವಾದ್ದರಿಂದ ಅದು ಇಬ್ಬರ ಬಳಿಯೂ ನಿಲ್ಲುತ್ತದೆ. ಹಿಮ್ಮುಖ ಫಾರಿನ್ ಕೀಯಲ್ಲೂ ಹೀಗೆಯೇ: ಹತ್ತು ಸಲ ಎರವಲು ಹೋದ ಪುಸ್ತಕ ಹತ್ತು ಸಾಲಾಗುತ್ತದೆ.

ಅಪಾಯ ಇರುವುದು ಮುಂದಿನ ಹೆಜ್ಜೆಯಲ್ಲಿ. ಪಟ್ಟಿಯನ್ನು ನೋಡಿದ ಸಿಬ್ಬಂದಿ ಯಾರೋ ಎರಡು ಸಲ ದಾಖಲಿಸಿದ್ದಾರೆಂದು ತಿಳಿದು, ಒಂದು ಸಾಲಿಗೆ ಗುರುತು ಹಾಕಿ ‘ಆಯ್ದವನ್ನು ಅಳಿಸು’ ಎಂದು ಒತ್ತಿದರೆ, ಅಳಿಸಿಹೋಗುವುದು ಇದ್ದ ಒಂದೇ ಪುಸ್ತಕ. ಎರವಲಿನ ಫಾರಿನ್ ಕೀಗೆ ‘ಕ್ಯಾಸ್ಕೇಡ್’ (ಒಂದನ್ನು ಅಳಿಸಿದರೆ ಅದನ್ನು ಸೂಚಿಸುವುದನ್ನೂ ಅಳಿಸುವ ಆಯ್ಕೆ) ಇದ್ದರೆ ಅದರ ಎರವಲಿನ ಇತಿಹಾಸವೆಲ್ಲ ಜೊತೆಗೆ ಹೋಗುತ್ತದೆ. ಅಳಿಸುವ ಮುನ್ನ ಅಡ್ಮಿನ್ ತೋರಿಸುವ ಖಚಿತಪಡಿಸುವ ಪುಟದಲ್ಲಿ ಜೊತೆಗೆ ಹೋಗುವ ದಾಖಲೆಗಳ ಪಟ್ಟಿ ಇರುತ್ತದೆ, ಅದನ್ನು ಓದುವ ಅಭ್ಯಾಸ ಕೆಲವರಿಗಷ್ಟೇ ಇದೆ. ದೋಷ ಸರಿಯಾಗುವವರೆಗೆ ಅಳಿಸುವ ಅನುಮತಿಯನ್ನು ತಾತ್ಕಾಲಿಕವಾಗಿ ಹಿಂತೆಗೆದುಕೊಳ್ಳುವುದು ಅತಿಯೆನಿಸದು. ಯಾರಾದರೂ ಆಗಲೇ ಅಳಿಸಿದ್ದರೆ ಕೋಡು ತಿದ್ದುವುದನ್ನು ಅಲ್ಲಿಗೇ ನಿಲ್ಲಿಸಿ, ಡೇಟಾಬೇಸ್ ನೋಡಿಕೊಳ್ಳುವವರನ್ನು ಕರೆದು, ಬ್ಯಾಕಪ್‌ನಿಂದ ಮರಳಿ ಪಡೆಯುವ ಮಾತು ಮೊದಲು ಆಡಿ.

ಕಣ್ಣಿಗೆ ಕಾಣದ ಇನ್ನೊಂದು ಹಾನಿಯೂ ಇದೆ. ಪಟ್ಟಿಯ ಕೆಳಗೆ ತೋರುವ ಒಟ್ಟು ಸಂಖ್ಯೆಯನ್ನು ಎಣಿಸುವಾಗ ಜಾಂಗೋ ವಿಂಗಡಣೆಯನ್ನು ಬಿಟ್ಟು ಎಣಿಸುತ್ತದೆ. ಹಾಗಾಗಿ ಸಂಖ್ಯೆ 240 ಎಂದೇ ಸರಿಯಾಗಿ ಬರುತ್ತದೆ, ಆದರೆ ಜೋಡಣೆಯಿಂದ ಹುಟ್ಟಿದ ಸಾಲುಗಳು 300 ಇರಬಹುದು. ಪುಟಗಳನ್ನು 240ನೆಯ ಸಾಲಿಗೆ ಕತ್ತರಿಸಲಾಗುತ್ತದೆಯಾದ್ದರಿಂದ ಕಡೆಯ 60 ಸಾಲುಗಳು ಯಾವ ಪುಟದಲ್ಲಿಯೂ ಕಾಣುವುದಿಲ್ಲ, ಮತ್ತು ಅವುಗಳಲ್ಲಿ ಬೇರೆಲ್ಲೂ ಕಾಣದ ಪುಸ್ತಕಗಳೂ ಇರಬಹುದು. ‘ಕೆಲವು ಪುಸ್ತಕಗಳು ಕಾಣೆಯಾಗಿವೆ’ ಎಂಬ ದೂರಿನ ಬೇರು ಎಷ್ಟೋ ಸಲ ಇದೇ ನಕಲು ಸಾಲುಗಳಲ್ಲಿರುತ್ತದೆ.

ಪರಿಹಾರವೆಂದರೆ ವಿಂಗಡಣೆಗಾಗಿ ಪ್ರತಿ ಪುಸ್ತಕಕ್ಕೆ ಒಂದೇ ಒಂದು ಹೆಸರನ್ನೋ ದಿನಾಂಕವನ್ನೋ ಗೊತ್ತುಮಾಡುವುದು. ‘ಗೆಟ್_ಕ್ವೆರಿಸೆಟ್’ನಲ್ಲಿ, ಪ್ರತಿ ಸಾಲಿಗೆ ಲೆಕ್ಕ ಹಾಕಿದ ಮಾಹಿತಿಯನ್ನು ಸೇರಿಸುವ ‘ಆನೋಟೇಟ್’ ಬಳಸಿ, ಲೇಖಕರ ಹೆಸರುಗಳಲ್ಲಿ ಅಕಾರಾದಿಯ ಮೊದಲನೆಯದನ್ನು ‘ಮಿನ್’ ಮೂಲಕವೂ, ಎರವಲಿನ ದಿನಾಂಕಗಳಲ್ಲಿ ಕಡೆಯದನ್ನು ‘ಮ್ಯಾಕ್ಸ್’ ಮೂಲಕವೂ ತೆಗೆದು ಹೆಸರು ಕೊಡಿ. ಕಾಲಮ್‌ನ ಮೆಥಡ್ ಆ ಹೆಸರನ್ನೇ ತೋರಿಸಲಿ, ಆರ್ಡರಿಂಗ್ ಕೂಡ ಆ ಹೆಸರನ್ನೇ ಹೇಳಲಿ. ಆನೋಟೇಶನ್‌ಗೆ ಮಾಡೆಲ್‌ನ ಫೀಲ್ಡ್‌ನ ಹೆಸರನ್ನೇ ಇಟ್ಟರೆ ಜಾಂಗೋ ಒಪ್ಪುವುದಿಲ್ಲ, ಬೇರೆ ಹೆಸರು ಬೇಕು. ಮೇಲ್ಮೇಲೆ ‘ಡಿಸ್ಟಿಂಕ್ಟ್’ ಸೇರಿಸಿ ಕೈತೊಳೆದುಕೊಳ್ಳುವ ಪ್ರಯತ್ನ ಸಾಮಾನ್ಯವಾಗಿ ಕೈಕೊಡುತ್ತದೆ: ವಿಂಗಡಣೆಗೆ ಬಳಸಿದ ಲೇಖಕರ ಹೆಸರೂ ಆಯ್ಕೆಯ ಭಾಗವಾಗುವುದರಿಂದ ಎರಡು ಸಾಲುಗಳು ಡೇಟಾಬೇಸಿನ ಕಣ್ಣಿಗೆ ಬೇರೆಬೇರೆಯಾಗಿಯೇ ಉಳಿಯುತ್ತವೆ.

ಲೇಖಕರ ಸಂಖ್ಯೆ ಮತ್ತು ಎರವಲುಗಳ ಸಂಖ್ಯೆ ಎರಡನ್ನೂ ಒಂದೇ ಕ್ವೆರಿಸೆಟ್‌ನಲ್ಲಿ ‘ಕೌಂಟ್’ ಮಾಡಿದರೆ ಹೊಸದೊಂದು ತಪ್ಪು ಒಳಬರುತ್ತದೆ. ಇಬ್ಬರು ಲೇಖಕರು, ಹತ್ತು ಎರವಲು ಇದ್ದ ಪುಸ್ತಕಕ್ಕೆ ಎರಡು ಕಾಲಮ್‌ಗಳಲ್ಲಿಯೂ 20 ಎಂದು ಕಾಣುತ್ತದೆ. ಎಣಿಕೆಗೆ ‘ಡಿಸ್ಟಿಂಕ್ಟ್’ ಆಯ್ಕೆಯನ್ನು ಕೊಟ್ಟರೆ ಇದು ಸರಿಯಾಗುತ್ತದೆ. ಮೊತ್ತ ಕೂಡುವುದಿದ್ದರೆ ಮಾತ್ರ ಅದು ಸಾಲದು, ‘ಸಬ್‌ಕ್ವೆರಿ’ (ಕ್ವೆರಿಯೊಳಗಿನ ಇನ್ನೊಂದು ಕ್ವೆರಿ) ಬೇಕು.

ಲಕ್ಷಣ: ಖಾಲಿ ಇರುವ ಸಾಲುಗಳು ಒಂದು ಸರ್ವರ್‌ನಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ

ಒಮ್ಮೆಯೂ ಎರವಲು ಹೋಗದ ಪುಸ್ತಕಕ್ಕೆ ಕಡೆಯ ದಿನಾಂಕ ಇರುವುದಿಲ್ಲ, ಅದು ‘ನಲ್’. ಏರಿಕೆಯ ಕ್ರಮದಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ನಲ್‌ಗಳನ್ನು ಕೊನೆಗೆ ಇಡುತ್ತದೆ, ಮೈಎಸ್‌ಕ್ಯೂಎಲ್ ಮತ್ತು ಎಸ್‌ಕ್ಯೂಲೈಟ್ ಮೊದಲಿಗೆ ಇಡುತ್ತವೆ. ಮನೆಯಲ್ಲಿ ಎಸ್‌ಕ್ಯೂಲೈಟ್, ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ ಬಳಸುವವರಿಗೆ ಈ ವ್ಯತ್ಯಾಸ ದೋಷದಂತೆ ತೋರುತ್ತದೆ. ಆರ್ಡರಿಂಗ್‌ನ ಜಾಗದಲ್ಲಿ ‘ಎಫ್’ ಎಕ್ಸ್‌ಪ್ರೆಶನ್ ಬರೆದು, ಅದರ ‘ಏಎಸ್‌ಸಿ’ಗೆ ‘ನಲ್ಸ್_ಲಾಸ್ಟ್’ ಎಂಬ ಆಯ್ಕೆ ಕೊಟ್ಟರೆ ಎರಡೂ ಕಡೆ ಒಂದೇ ಕ್ರಮ ಸಿಗುತ್ತದೆ. ಬಳಕೆದಾರರು ಮತ್ತೊಮ್ಮೆ ಒತ್ತಿ ಇಳಿಕೆಯ ಕ್ರಮ ಕೇಳಿದಾಗ ಜಾಂಗೋ ನಲ್‌ಗಳ ಜಾಗವನ್ನೂ ತಿರುಗಿಸಿ ಮೇಲಕ್ಕೆ ತರುತ್ತದೆ. ಅದು ಜಾಂಗೋದ ನಡೆ, ನಿಮ್ಮ ಕೋಡಿನ ತಪ್ಪಲ್ಲ.

ಲಕ್ಷಣ: ಕ್ರಮ ಬಹುಪಾಲು ಸರಿ, ಕೆಲವು ಹೆಸರುಗಳು ಮಾತ್ರ ದಾರಿ ತಪ್ಪಿವೆ

ಇಲ್ಲಿಂದ ಮುಂದೆ ಜಾಂಗೋ ನಿರಪರಾಧಿ, ದೋಷ ದತ್ತಾಂಶದಲ್ಲೋ ಡೇಟಾಬೇಸಿನ ಅಕ್ಷರಕ್ರಮದಲ್ಲೋ ಇದೆ. ಸುಲಭದ್ದರಿಂದ ಆರಂಭಿಸಿ. ದಾರಿ ತಪ್ಪಿದ ಹೆಸರನ್ನು ತೆರೆದು, ಅದರ ಮೊದಲಲ್ಲಿ ಖಾಲಿ ಜಾಗ ಇದೆಯೇ ಎಂದು ಕರ್ಸರ್ ಇಟ್ಟು ನೋಡಿ. ಕಪಾಟಿನ ಸಂಖ್ಯೆಗಳು 1, 10, 100, 2 ಎಂದು ಬರುತ್ತಿದ್ದರೆ ಅವುಗಳನ್ನು ಅಕ್ಷರಗಳಾಗಿ ಉಳಿಸಲಾಗಿದೆ. ಎಲ್ಲವೂ ಶುದ್ಧ ಅಂಕಿಗಳಾಗಿದ್ದರೆ ‘ಕಾಸ್ಟ್’ ಮೂಲಕ ಪೂರ್ಣಾಂಕ ಮಾಡಿ ವಿಂಗಡಿಸಬಹುದು, ಒಂದರಲ್ಲಾದರೂ ಅಕ್ಷರ ಸೇರಿದ್ದರೆ ಪೋಸ್ಟ್‌ಗ್ರೆಸ್ ದೋಷ ಎಸೆಯುತ್ತದೆ. ಇಂಗ್ಲಿಷ್ ಹೆಸರುಗಳಲ್ಲಿ ದೊಡ್ಡಕ್ಷರದವು ಒಂದು ಗುಂಪು, ಸಣ್ಣಕ್ಷರದವು ಇನ್ನೊಂದು ಗುಂಪು ಆಗಿದ್ದರೆ ‘ಲೋವರ್’ ಎಕ್ಸ್‌ಪ್ರೆಶನ್ ಸಾಕು.

ಕನ್ನಡ ಹೆಸರುಗಳ ವಿಷಯ ಇದಕ್ಕಿಂತ ಸ್ವಾರಸ್ಯಕರ. ಡೇಟಾಬೇಸ್ ಬರಿಯ ಯುನಿಕೋಡ್ ಸಂಕೇತಗಳ ಕ್ರಮದಲ್ಲಿ ವಿಂಗಡಿಸಿದರೆ ಬಹುಪಾಲು ಹೆಸರುಗಳು ನಾವು ನಿರೀಕ್ಷಿಸಿದಂತೆಯೇ ಬರುತ್ತವೆ. ಆದರೆ ನಮ್ಮ ವರ್ಣಮಾಲೆಯಲ್ಲಿ ಹಕಾರದ ನಂತರ ಬರುವ ಳಕಾರ ಯುನಿಕೋಡ್‌ನಲ್ಲಿ ಲಕಾರದ ಪಕ್ಕದಲ್ಲಿ, ವಕಾರಕ್ಕಿಂತ ಮೊದಲೇ ಕುಳಿತಿದೆ. ಹಾಗಾಗಿ ಊರಿನಿಂದ ವಿಂಗಡಿಸಿದಾಗ ಕವಿತಾಳಕ್ಕಿಂತ ಕಳಸ ಮೊದಲು ಬರುತ್ತದೆ, ವರ್ಣಮಾಲೆಯ ಪ್ರಕಾರ ಅದು ಹಿಂದುಮುಂದು. ನಿಮ್ಮ ಡೇಟಾಬೇಸ್ ಯಾವ ಕ್ರಮ ಅನುಸರಿಸುತ್ತಿದೆ ಎಂದು ತಿಳಿಯಲು ಈ ಎರಡು ಹೆಸರುಗಳೇ ಸಾಕು. ಪೋಸ್ಟ್‌ಗ್ರೆಸ್ 10ರಿಂದ ಐಸಿಯು (ಭಾಷೆಗಳ ಅಕ್ಷರಕ್ರಮ ಬಲ್ಲ ಯುನಿಕೋಡ್ ಲೈಬ್ರರಿ) ಅಕ್ಷರಕ್ರಮಗಳು ಸಿಗುತ್ತವೆ, ಕನ್ನಡದ್ದಕ್ಕೆ ‘ಕೆಎನ್-ಎಕ್ಸ್-ಐಸಿಯು’ ಎಂದು ಹೆಸರು. ಜಾಂಗೋ 3.2ರ ‘ಕೊಲೇಟ್’ ಫಂಕ್ಷನ್ನಿಗೆ ಫೀಲ್ಡ್‌ನ ದಾರಿಯನ್ನೂ ಈ ಹೆಸರನ್ನೂ ಕೊಟ್ಟು ಅದನ್ನು ಆರ್ಡರಿಂಗ್‌ನಲ್ಲಿ ಇಟ್ಟು, ಮತ್ತೆ ಅದೇ ಎರಡು ಊರುಗಳಿಂದ ಪರೀಕ್ಷಿಸಿ.

ಒಂದೇ ಹೆಸರು ಎರಡು ಕಡೆ ಕಂಡರೆ ಅಕ್ಷರಗಳ ಒಳಗನ್ನೇ ನೋಡಬೇಕಾಗುತ್ತದೆ. ‘ಕೊಪ್ಪ’ದಲ್ಲಿರುವ ಒತ್ವದ ಗುರುತನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಉಳಿಸಬಹುದು. ಕಣ್ಣಿಗೆ ಎರಡೂ ಒಂದೇ. ಸಂಕೇತಗಳ ಕ್ರಮದಲ್ಲಿ ಮಾತ್ರ ಎರಡನೆಯ ‘ಕೊಪ್ಪ’ ಕೆಕಾರದ ಊರುಗಳ ಸಾಲಿಗೆ ಹೋಗಿ ಸೇರುತ್ತದೆ. ಪೈಥಾನ್‌ನ ‘ಯುನಿಕೋಡ್‌ಡೇಟಾ’ ಬಳಸಿ, ಉಳಿಸುವ ಹಂತದಲ್ಲಿಯೇ ಎನ್‌ಎಫ್‌ಸಿ ರೂಪಕ್ಕೆ (ಇಂತಹ ಜೋಡಿಗಳನ್ನು ಒಂದೇ ಸಂಕೇತವಾಗಿಸುವ ರೂಪ) ತರುವುದು ಶಾಶ್ವತ ಪರಿಹಾರ. ಹಳೆಯ ದಾಖಲೆಗಳನ್ನು ತಿದ್ದುವ ಮೊದಲು ಬ್ಯಾಕಪ್ ಇದೆಯೇ ಎಂದು ನೋಡಿಕೊಳ್ಳಿ, ಏಕೆಂದರೆ ಹೆಸರು ಯೂನಿಕ್ ಎಂದು ನಿಯಮವಿದ್ದರೆ ತಿದ್ದಿದ ಮೇಲೆ ಎರಡು ದಾಖಲೆಗಳು ಡಿಕ್ಕಿ ಹೊಡೆಯುತ್ತವೆ.

ಲಕ್ಷಣ: ಕ್ರಮ ಸರಿಯಾಗಿದೆ, ಆದರೆ ಪುಟ ತೆರೆಯಲು ಬಹಳ ಹೊತ್ತು

ಮೊದಲು ಕೇಳಬೇಕಾದ ಪ್ರಶ್ನೆ: ವಿಂಗಡಣೆ ತೆಗೆದರೂ ನಿಧಾನವೇ? ಹೌದಾದರೆ ವಿಂಗಡಣೆಯದಲ್ಲ ತಪ್ಪು. ಪ್ರತಿ ಸಾಲಿಗೂ ಪ್ರಕಾಶಕರನ್ನು ಬೇರೆಯಾಗಿ ಕೇಳುವ ಕ್ವೆರಿಗಳು ಸುರಿಯುತ್ತಿರಬಹುದು. ಅಡ್ಮಿನ್ ಪಟ್ಟಿಯ ಒಂದು ಪುಟಕ್ಕೆ ಮೊದಲಿನಿಂದ ಇರುವ ಮಿತಿ 100 ಸಾಲು. ಊರಿನ ಮೆಥಡ್ ಪ್ರಕಾಶಕರನ್ನು ಮುಟ್ಟುತ್ತಿದ್ದರೆ ಒಂದು ಕ್ವೆರಿಯ ಜಾಗದಲ್ಲಿ 101 ನಡೆಯುತ್ತವೆ. ಪ್ರಕಾಶಕರಿಂದ ವಿಂಗಡಿಸುವಾಗ ಟೇಬಲ್‌ಗಳನ್ನು ಹೇಗೂ ಜೋಡಿಸಿದೆಯಲ್ಲ ಎಂದು ಅನಿಸಬಹುದು, ಆದರೆ ವಿಂಗಡಣೆಗಾಗಿ ಜೋಡಿಸುವುದು ಬೇರೆ, ಮಾಹಿತಿಯನ್ನು ತರುವುದು ಬೇರೆ. ಫಾರಿನ್ ಕೀಯೇ ಕಾಲಮ್ ಆಗಿದ್ದರೆ ಜಾಂಗೋ ತಾನಾಗಿ ಒಟ್ಟಿಗೆ ತರುತ್ತದೆ, ಮೆಥಡ್‌ನ ಒಳಗೆ ಅಡಗಿದ್ದರೆ ಅದಕ್ಕೆ ಗೊತ್ತಾಗದು. ‘ಲಿಸ್ಟ್_ಸೆಲೆಕ್ಟ್_ರಿಲೇಟೆಡ್’ನಲ್ಲಿ ಫಾರಿನ್ ಕೀಯ ಹೆಸರನ್ನು ಬರೆದರೆ ಸಾಕು. ಲೇಖಕರಂತಹ ಮೆನಿ-ಟು-ಮೆನಿ ಸಂಬಂಧಕ್ಕೆ ಕ್ವೆರಿಸೆಟ್‌ನಲ್ಲಿ ‘ಪ್ರಿಫೆಚ್_ರಿಲೇಟೆಡ್’ ಬೇಕು. ಡಿಬಗ್ ಟೂಲ್‌ಬಾರ್ ಎಂಬ ಸಹಾಯಕ ತಂತ್ರಾಂಶ ಇದ್ದರೆ ಕ್ವೆರಿಗಳ ಸಂಖ್ಯೆ ನೇರವಾಗಿ ಕಾಣುತ್ತದೆ.

ವಿಂಗಡಿಸಿದಾಗ ಮಾತ್ರ ನಿಧಾನವಾದರೆ ಕ್ವೆರಿಸೆಟ್‌ನ ‘ಎಕ್ಸ್‌ಪ್ಲೇನ್’ ಮೆಥಡ್ ಡೇಟಾಬೇಸಿನ ಯೋಜನೆಯನ್ನು ತೋರಿಸುತ್ತದೆ. ಫಾರಿನ್ ಕೀಗೆ ಜಾಂಗೋ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಹಾಕಿರುತ್ತದೆ, ಆಚೆಯ ಟೇಬಲ್‌ನ ಹೆಸರಿನ ಫೀಲ್ಡ್‌ಗೆ ಇಲ್ಲದಿರಬಹುದು. ಹಾಕಿ ನೋಡಬಹುದು, ಉಪಯೋಗವಾಗಿಯೇ ಆಗುತ್ತದೆಂಬ ಭರವಸೆ ಇಲ್ಲ. ‘ಮ್ಯಾಕ್ಸ್’ ಅಥವಾ ‘ಕೌಂಟ್’ನಿಂದ ಬಂದ ಬೆಲೆಯಿಂದ ವಿಂಗಡಿಸುವಾಗಲಂತೂ ಮೊದಲ 100 ಸಾಲುಗಳನ್ನು ಕೊಡುವುದಕ್ಕೂ ಎಲ್ಲ ಪುಸ್ತಕಗಳ ಲೆಕ್ಕ ಮುಗಿಯಲೇಬೇಕು. ಅಂತಹ ಕಡೆ ಕಡೆಯ ಎರವಲಿನ ದಿನಾಂಕವನ್ನು ಪುಸ್ತಕದ ಟೇಬಲ್‌ನಲ್ಲಿಯೇ ಒಂದು ಫೀಲ್ಡ್ ಆಗಿ ಉಳಿಸಿ, ಅದಕ್ಕೆ ಇಂಡೆಕ್ಸ್ ಹಾಕಿ, ಪ್ರತಿ ಎರವಲಿನ ಹೊತ್ತಿಗೆ ಅದನ್ನು ನವೀಕರಿಸುವುದು ಹೆಚ್ಚು ಫಲ ಕೊಡುತ್ತದೆ. ಒಂದೇ ಮಾಹಿತಿ ಎರಡು ಕಡೆ ಇರುವುದರಿಂದ ಅವೆರಡೂ ಹೊಂದುವಂತೆ ನೋಡಿಕೊಳ್ಳುವ ಹೊಣೆ ನಿಮ್ಮದಾಗುತ್ತದೆ.

ಬಳಕೆಯಲ್ಲಿರುವ ದೊಡ್ಡ ಟೇಬಲ್‌ಗೆ ಸಾಮಾನ್ಯ ಮೈಗ್ರೇಶನ್ (ಟೇಬಲ್‌ಗಳ ರಚನೆ ಬದಲಿಸುವ ಜಾಂಗೋ ಫೈಲು) ಮೂಲಕ ಇಂಡೆಕ್ಸ್ ಸೇರಿಸಿದರೆ ಪೋಸ್ಟ್‌ಗ್ರೆಸ್ ಅದು ಮುಗಿಯುವವರೆಗೆ ಆ ಟೇಬಲ್‌ಗೆ ಬರೆಯುವುದನ್ನು ತಡೆಹಿಡಿಯುತ್ತದೆ. ಜಾಂಗೋ 3.0ರಿಂದ ‘ಆ್ಯಡ್‌ಇಂಡೆಕ್ಸ್‌ಕನ್‌ಕರೆಂಟ್ಲಿ’ ಇದೆ, ಮೈಗ್ರೇಶನ್‌ನಲ್ಲಿ ‘ಅಟಾಮಿಕ್’ ಅನ್ನು ‘ಫಾಲ್ಸ್’ ಮಾಡಿ ಅದನ್ನು ಬಳಸಬೇಕು. ಈ ಹಂತಕ್ಕೆ ಬಂದಾಗ ಡೇಟಾಬೇಸ್ ಬಲ್ಲವರು ಪಕ್ಕದಲ್ಲಿರುವುದು ಒಳ್ಳೆಯದು.

ಹುಡುಕಾಟ ನಿಲ್ಲಿಸಬೇಕಾದ ಸಂದರ್ಭಗಳು

ಕೆಲವು ಕಾಲಮ್‌ಗಳು ಎಷ್ಟು ತಿಣುಕಿದರೂ ಡೇಟಾಬೇಸಿನಲ್ಲಿ ವಿಂಗಡಣೆಯಾಗುವುದಿಲ್ಲ. ಪ್ರಕಾಶಕರ ಟೇಬಲ್ ಬೇರೊಂದು ಡೇಟಾಬೇಸಿನಲ್ಲಿದ್ದರೆ ಜಾಂಗೋ ಎರಡನ್ನು ಜೋಡಿಸಲಾರದು. ಯಾವ ಟೇಬಲನ್ನಾದರೂ ಬೊಟ್ಟು ಮಾಡಬಲ್ಲ ಜೆನೆರಿಕ್ ಫಾರಿನ್ ಕೀ ಆದರೆ ಆಚೆ ಬದಿಯಲ್ಲಿ ಯಾವ ಟೇಬಲ್ ಇದೆ ಎಂಬುದು ಸಾಲಿನಿಂದ ಸಾಲಿಗೆ ಬದಲಾಗುತ್ತದೆ. ಬೆಲೆಯನ್ನು ಪೈಥಾನ್ ಕೋಡು ಹೊರಗಿನ ಸೇವೆಯೊಂದನ್ನು ಕೇಳಿ ತರುತ್ತಿದ್ದರೆ ಡೇಟಾಬೇಸಿನ ಬಳಿ ಅದು ಇಲ್ಲವೇ ಇಲ್ಲ. ಇಂತಹ ಕಡೆ ಕ್ವೆರಿಸೆಟ್ ಅನ್ನು ಪೈಥಾನ್ ಪಟ್ಟಿಯನ್ನಾಗಿಸಿ ವಿಂಗಡಿಸುವ ಉಪಾಯಕ್ಕೆ ಕೈಹಾಕಬೇಡಿ, ಏಕೆಂದರೆ ಅಡ್ಮಿನ್‌ನ ಫಿಲ್ಟರ್, ಹುಡುಕಾಟ, ಪುಟ ವಿಭಾಗ ಎಲ್ಲವೂ ನಿಜವಾದ ಕ್ವೆರಿಸೆಟ್ ಅನ್ನೇ ನೆಚ್ಚಿಕೊಂಡಿವೆ. ಬೆಲೆಯ ಪ್ರತಿಯನ್ನು ಪುಸ್ತಕದ ಟೇಬಲ್‌ಗೇ ತಂದು ಉಳಿಸಿ, ಅದು ಸಾಧ್ಯವಾಗದಿದ್ದರೆ ಆ ಕಾಲಮನ್ನು ಲಿಂಕ್ ಇಲ್ಲದ ತಲೆಬರಹದೊಂದಿಗೆ ಹಾಗೆಯೇ ಬಿಡಿ.